ಹಳಕಟ್ಟಿಯವರು ಮತ್ತು ಹೊಳೆಗೆ ಹೋದ ನಮ್ಮ ಓಲೆ ಕಟ್ಟು

ನಮ್ಮ ಮುತ್ಯಾನ ಮನೆ ದೇವರ ಹಿಪ್ಪರಗಿಯಲ್ಲಿ. ಅಲ್ಲಿ ದೇವರ ಜಗಲಿಯ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಓಲೆಗರಿ ಕಟ್ಟು ಇತ್ತು. ವರ್ಷಕ್ಕೊಮ್ಮೆ ವಿಭೂತಿ ಹಚ್ಚಿ ಪೂಜೆ, ಅಷ್ಟೇ. ಬಿಚ್ಚಿ ಓದಿದವರಿಲ್ಲ. ನಾನು ಚಿಕ್ಕವನಿದ್ದಾಗ ಅದಕ್ಕೆ ಹುಳ ಹತ್ತಿತು. "ಓದಾಕ ಯಾರಿಗೂ ಬರಂಗಿಲ್ಲ, ದೇವರ ಸಾಮಾನ ತಿಪ್ಪಿಗಿ ಒಗಿಬಾರದು, ಹೊಳ್ಯಾಗ ಬಿಟ್ಟು ಬರ್ರಿ" ಅಂದಳು ಆಯಿ. ಬಿಟ್ಟು ಬಂದರು. ಅದರಲ್ಲಿ ಏನಿತ್ತೋ...

ನಮ್ಮೂರು ಮಡಿವಾಳ ಮಾಚಿದೇವರ ಊರು. 12ನೇ ಶತಮಾನದ ಆ ಶರಣರ ವಚನಗಳು ಇವತ್ತು ನನ್ನ ಕಂಪ್ಯೂಟರ್ ಪರದೆಯ ಮೇಲೆ ಇವೆ ಅಂದರೆ, ಅವು ಇಂಥದೇ ಕಟ್ಟುಗಳಲ್ಲಿ ಹೇಗೋ ಉಳಿದುಕೊಂಡದ್ದರಿಂದ. ಉಳಿಸಿದವರಲ್ಲಿ ಮೊದಲು ನೆನಪಾಗುವವರು ನಮ್ಮ ಜಿಲ್ಲೆಯವರೇ ಆಗಿಹೋದ ಫ.ಗು. ಹಳಕಟ್ಟಿ.

ಹುಟ್ಟಿದ್ದು ಧಾರವಾಡದಲ್ಲಿ, 1880ರ ಜುಲೈ 2ರಂದು. ವೃತ್ತಿ ವಿಜಾಪುರದಲ್ಲಿ ವಕೀಲಿಕೆ. ಹಸ್ತಪ್ರತಿ ವಿಭಾಗ, ಸಂಬಳ, ಸಿಬ್ಬಂದಿ ಯಾವುದೂ ಇರಲಿಲ್ಲ. ಮಠ, ಮನೆ ಅಂತ ಅಲೆದು ಕಟ್ಟುಗಳನ್ನು ಹುಡುಕಿದರು. ಪೂಜೆಯ ವಸ್ತುವನ್ನು ಪರರ ಕೈಗೆ ಕೊಡಲು ಜನ ಒಪ್ಪಬೇಕಲ್ಲ! ನನಗೆ ಇದೇ ಅತಿ ಕಷ್ಟದ ಕೆಲಸ ಅನ್ನಿಸುತ್ತದೆ.

ಓಲೆ ಅಂದರೆ ಕಂಠದಿಂದ ಗೀರಿದ ಅಕ್ಷರ. ಮಸಿ ಅಳಿಸಿದರೆ ಕಾಡಿಗೆ ಹಚ್ಚಿ ಒರೆಸಿದಾಗ ಮತ್ತೆ ಕಾಣುತ್ತದೆ. ಒಣಗಿ ಮುರಿಯದಿರಲಿ, ಹುಳ ಬರದಿರಲಿ ಅಂತ ಇವತ್ತಿನ ಗ್ರಂಥಾಲಯಗಳಲ್ಲಿ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರೆ. ಆದರೂ ಓಲೆಗೆ ಆಯುಷ್ಯ ಇಷ್ಟೇ ಅಂತ ಇದೆ, ಹಾಗಾಗಿ ಹಿಂದಿನವರಿಗೆ ಪ್ರತಿ ಮಾಡುವುದೇ ಸಂರಕ್ಷಣೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬ್ಯಾಕಪ್ :-) ಹಳಕಟ್ಟಿಯವರ ಬ್ಯಾಕಪ್ ಅಚ್ಚಿನ ಮೊಳೆ. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬಂತು. 1925ರಲ್ಲಿ ಇದ್ದ ಮನೆ ಮಾರಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ. ಮನೆ ಮಾರಿ ಪ್ರೆಸ್! ನಾನಾದರೆ ಇಎಂಐ ಲೆಕ್ಕ ಹಾಕುತ್ತಾ ಕೂತಿರುತ್ತಿದ್ದೆ.

ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿದ್ದು 1956ರಲ್ಲಿ. 1964ರ ಜೂನ್ 29ರಂದು ತೀರಿಕೊಂಡರು.

ಮೊನ್ನೆ ಊರಿಗೆ ಹೋದಾಗ ಕಾಕಾನನ್ನು ಕೇಳಿದೆ, ಆ ಕಟ್ಟಿನದು ಏನಾದರೂ ಉಳಿದಿದೆಯಾ ಅಂತ. ನಕ್ಕು ಅಡುಗೆಮನೆ ಕಿಟಕಿ ತೋರಿಸಿದ. ಕದ ಬಡಿಯದಂತೆ ಒಂದು ಕಟ್ಟಿಗೆಯ ಪಟ್ಟಿ ಸಿಕ್ಕಿಸಿದ್ದರು. ಓಲೆಗಳ ಮೇಲಿನ ಹಲಗೆ ಅದು. ದಾರ ಪೋಣಿಸುವ ಎರಡು ತೂತು ಹಾಗೇ ಇದ್ದವು.