ಗಡಿಯಾಚೆ ಕಾರು ಬಿಸಿಯಾದರೆ: ಉಮರ್ಗಾ, ನಿಲಂಗಾ, ಉದಗಿರ್ ದಾರಿಯಲ್ಲಿ ಎಂಜಿನ್ ಮತ್ತು ಕೂಲೆಂಟ್

ಕಲಬುರಗಿಗೆ ಹೋದ ನಮ್ಮವರು ಅಲ್ಲಿಂದಲೇ ವಾಪಸ್ ಬರುವುದು ಕಡಿಮೆ. ಬಂದೇ ನವಾಝ್ ದರ್ಗಾದ ಝಿಯಾರತ್ ಮುಗಿಸಿ ಆಳಂದಕ್ಕೆ ಹೋಗುತ್ತಾರೆ. ಆಳಂದದಿಂದ ಖಜೂರಿ ದಾಟಿದರೆ ಮಹಾರಾಷ್ಟ್ರದ ಉಮರ್ಗಾ. ಕೆಲವರು ಅಲ್ಲಿಂದ ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿ ಹಿಡಿಯುತ್ತಾರೆ. ಇನ್ನು ಕೆಲವರು ನಿಲಂಗಾ, ಉದಗಿರ್ ಕಡೆ ಸುತ್ತಿ, ಉದಗಿರ್ ಕೋಟೆ ನೋಡಿ, ಕಮಲನಗರ, ಭಾಲ್ಕಿ ಮೇಲೆ ಬೀದರ್ ಸೇರುತ್ತಾರೆ. ರಜೆ ಸಿಗುವುದು ಏಪ್ರಿಲ್-ಮೇ ತಿಂಗಳಲ್ಲಿ. ಆ ಕಡೆ ಬಿಸಿಲು 40 ಡಿಗ್ರಿ ದಾಟುವುದೂ ಅದೇ ತಿಂಗಳಲ್ಲಿ.

ಮಂಗಳೂರು, ಉಳ್ಳಾಲ, ಪುತ್ತೂರು ಕಡೆಯ ಡ್ರೈವರ್‌ಗಳಿಗೆ ಶಿರಾಡಿ, ಚಾರ್ಮಾಡಿ ಘಾಟಿ ಗೊತ್ತು. ಏರು ರಸ್ತೆಯಲ್ಲಿ ಕಾರು ಬಿಸಿಯಾದರೆ ಬದಿಗೆ ನಿಲ್ಲಿಸಿ, ಪಕ್ಕದ ತೋಡಿನಿಂದ ನೀರು ತಂದು ಸುರಿದು ಹೊರಟವರ ಕಥೆ ಪ್ರತಿ ಮನೆಯಲ್ಲೂ ಒಂದಾದರೂ ಇರುತ್ತದೆ. ಮರಾಠವಾಡದ ಗಡಿಯಲ್ಲಿ ಈ ಅಭ್ಯಾಸ ಎರಡು ಕಾರಣಕ್ಕೆ ಕೆಲಸಕ್ಕೆ ಬರುವುದಿಲ್ಲ. ಒಂದು, ಅಲ್ಲಿ ತೋಡಿಲ್ಲ. 2016ರ ಏಪ್ರಿಲ್‌ನಲ್ಲಿ ಲಾತೂರ್ ನಗರಕ್ಕೆ ಮೀರಜ್‌ನಿಂದ ರೈಲಿನ ಟ್ಯಾಂಕರ್‌ಗಳಲ್ಲಿ ಕುಡಿಯುವ ನೀರು ತರಬೇಕಾಗಿ ಬಂದಿತ್ತು. ನಿಲಂಗಾ, ಉದಗಿರ್ ಇರುವುದು ಅದೇ ಲಾತೂರ್ ಜಿಲ್ಲೆಯಲ್ಲಿ. ಎರಡನೆಯದು, ಸಿಗುವ ನೀರು ಬೋರ್‌ವೆಲ್ ನೀರು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲು ಕ್ಯಾಪ್ ವಿಷಯ

ಎಂಜಿನ್ ಹಾಳಾದರೆ ದುಡ್ಡು ಹೋಗುತ್ತದೆ, ಅಷ್ಟೇ. ಬಿಸಿ ರೇಡಿಯೇಟರ್ ಕ್ಯಾಪ್ ತೆರೆದರೆ ಹೋಗುವುದು ಮುಖ, ಕಣ್ಣು, ಕೈ. ಆದ್ದರಿಂದ ಇದನ್ನು ಮೊದಲೇ ಹೇಳಿಬಿಡಬೇಕು: ಬಿಸಿ ಇರುವಾಗ ಕ್ಯಾಪ್ ಮುಟ್ಟಬೇಡಿ. "ಸ್ವಲ್ಪ ತಿರುಗಿಸಿ ನೋಡ್ತೇನೆ" ಅನ್ನುವುದೂ ಬೇಡ.

ಕಾರಣ ಸರಳ. ಆ ಕ್ಯಾಪ್ ಬರೀ ಮುಚ್ಚಳವಲ್ಲ, ಪ್ರೆಶರ್ ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಹೆಚ್ಚಿನ ಕಾರುಗಳಲ್ಲಿ ಅದು ಸುಮಾರು 0.9ರಿಂದ 1.1 ಬಾರ್ ಒತ್ತಡ ಹಿಡಿದಿಡುತ್ತದೆ. ಉಮರ್ಗಾ, ಉದಗಿರ್ ಕಡೆ ನೆಲ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ತೆರೆದ ಪಾತ್ರೆಯಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಕ್ಯಾಪಿನ ಒತ್ತಡದಲ್ಲಿ ಅದೇ ನೀರು 120 ಡಿಗ್ರಿ ಹತ್ತಿರ ಹೋದರೂ ಕುದಿಯದೆ ಕೂತಿರುತ್ತದೆ. ನೀವು ಕ್ಯಾಪ್ ತಿರುಗಿಸಿದ ಕ್ಷಣ ಒತ್ತಡ ಇಳಿಯುತ್ತದೆ, ನೀರೆಲ್ಲ ಒಟ್ಟಿಗೆ ಕುದಿದು ಹಬೆಯಾಗಿ ಮೇಲೆ ಚಿಮ್ಮುತ್ತದೆ. ಕೈ ಹಿಂದೆಗೆಯಲು ಸಮಯವೇ ಇರುವುದಿಲ್ಲ.

ಹೊಸ ಕಾರುಗಳಲ್ಲಿ ರೇಡಿಯೇಟರ್ ಮೇಲೆ ಕ್ಯಾಪ್ ಕಾಣದೆ, ಬದಿಯ ಪ್ಲಾಸ್ಟಿಕ್ ಟ್ಯಾಂಕಿಗೇ ತಿರುಗಣೆ ಮುಚ್ಚಳ ಇರಬಹುದು. ಪ್ಲಾಸ್ಟಿಕ್ ಅಲ್ವಾ ಅಂತ ಸದರ ಬೇಡ. ಅಂಥ ಟ್ಯಾಂಕಿನ ಒಳಗೂ ಅದೇ ಒತ್ತಡ ಇರುತ್ತದೆ.

ಹಾಗಿದ್ದರೂ ಸುಟ್ಟುಬಿಟ್ಟರೆ, ಸುಟ್ಟ ಜಾಗಕ್ಕೆ ತಣ್ಣೀರನ್ನು 20 ನಿಮಿಷ ಬಿಡದೆ ಹರಿಸಿ. ಉಂಗುರ, ವಾಚ್ ಕೂಡಲೇ ತೆಗೆಯಿರಿ, ಆಮೇಲೆ ಊತದಿಂದ ಬರುವುದಿಲ್ಲ. ಮಂಜುಗಡ್ಡೆ, ಟೂತ್‌ಪೇಸ್ಟ್, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಶುಭ್ರ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೊರಡಿ. ಕಣ್ಣಿಗೆ ಬಿದ್ದಿದ್ದರೆ ರೆಪ್ಪೆ ತೆರೆದು ಹಿಡಿದು 15-20 ನಿಮಿಷ ತೊಳೆಯಬೇಕು. ಆಂಬುಲೆನ್ಸ್‌ಗೆ 108, ತುರ್ತು ಕರೆಗೆ 112. ಎರಡೂ ಗಡಿಯ ಎರಡು ಕಡೆ ನಡೆಯುತ್ತವೆ.

ಮುಳ್ಳು ಮೇಲೇರಲು ಶುರುವಾದಾಗ

ಅನೇಕ ಸಣ್ಣ ಕಾರುಗಳಲ್ಲಿ ಈಗ ಟೆಂಪರೇಚರ್ ಮುಳ್ಳೇ ಇಲ್ಲ, ಒಂದು ಲೈಟ್ ಮಾತ್ರ. ನೀಲಿ ಇದ್ದರೆ ಎಂಜಿನ್ ಇನ್ನೂ ತಣ್ಣಗಿದೆ, ಕೆಂಪು ಬಂದರೆ ಮಿತಿ ಮೀರಿದೆ. ನಡುವೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಕೆಂಪು ಲೈಟ್ ಅಂದರೆ ಎಚ್ಚರಿಕೆಯಲ್ಲ, "ನಿಲ್ಲಿಸು" ಅಂತಲೇ ಅರ್ಥ. "ಉಮರ್ಗಾ ಇನ್ನು ಹತ್ತೇ ಕಿಲೋಮೀಟರ್, ಅಲ್ಲಿ ಗ್ಯಾರೇಜ್ ಉಂಟು" ಎಂದು ಓಡಿಸಿದ ಆ ಹತ್ತು ಕಿಲೋಮೀಟರಲ್ಲೇ ಸಿಲಿಂಡರ್ ಹೆಡ್ ಸೊಟ್ಟಗಾಗುವುದು, ಹೆಡ್ ಗ್ಯಾಸ್ಕೆಟ್ ಸುಡುವುದು. ಒಂದು ಹೋಸ್ ಪೈಪ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ.

ಮುಳ್ಳು ಇರುವ ಕಾರಾದರೆ, ಅದು ಮಾಮೂಲಿ ಜಾಗ ಬಿಟ್ಟು ಮೇಲೆ ಸರಿಯುವಾಗಲೇ ಎಸಿ ಆಫ್ ಮಾಡಿ. ಎಸಿಯ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಕೂತು ಅದಕ್ಕೆ ಬಿಸಿಗಾಳಿ ಕೊಡುತ್ತಿರುತ್ತದೆ. ಕಿಟಕಿ ತೆರೆದು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ. 42 ಡಿಗ್ರಿ ಬಿಸಿಲಲ್ಲಿ ಹೀಟರಾ ಅಂತ ಹಿಂದೆ ಕೂತ ಉಮ್ಮ ಬೈದರೂ ಪರವಾಗಿಲ್ಲ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ, ಎಂಜಿನ್ನಿನ ಬಿಸಿಯನ್ನು ಎಳೆದು ಹೊರಗೆ ಹಾಕುತ್ತದೆ. ಇಲ್ಲೊಂದು ಸೂಕ್ಷ್ಮ ಉಂಟು: ಎಂಜಿನ್ ಬಿಸಿಯಾಗಿದ್ದೂ ಹೀಟರಿನಿಂದ ತಣ್ಣನೆ ಗಾಳಿ ಬಂದರೆ, ಒಳಗೆ ಕೂಲೆಂಟ್ ಖಾಲಿಯಾಗಿದೆ ಎಂದೇ ತಿಳಿಯಿರಿ. ಮುಳ್ಳು ಕೆಂಪಿನಿಂದ ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೂ ಖುಷಿ ಪಡಬೇಡಿ. ಸೆನ್ಸರ್ ನೀರಿನಲ್ಲಿ ಇಲ್ಲದೆ ಗಾಳಿಯಲ್ಲಿ ನಿಂತಿರಬಹುದು. ಎರಡರಲ್ಲಿ ಯಾವುದಾದರೂ ಕೂಡಲೇ ಎಂಜಿನ್ ಆಫ್.

ಹಬೆ ಕಂಡರೆ, ಸಿಹಿ ವಾಸನೆ ಬಂದರೆ, ಕೆಂಪು ಲೈಟ್ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ ಆಫ್ ಮಾಡಿ. ಹಜಾರ್ಡ್ ಲೈಟ್ ಹಾಕಿ, ತ್ರಿಕೋನದ ಫಲಕವನ್ನು ಹಿಂದೆ 50 ಮೀಟರ್ ದೂರದಲ್ಲಾದರೂ ಇಡಿ. ಎಲ್ಲರೂ ರಸ್ತೆಯ ಕಡೆಯಲ್ಲದ ಬಾಗಿಲಿನಿಂದ ಇಳಿದು ಬೇವಿನ ಮರವೋ ಬಸ್ ಶೆಲ್ಟರೋ ಹುಡುಕಿಕೊಳ್ಳಲಿ. ಎಸಿ ಇಲ್ಲದ ನಿಂತ ಕಾರಿನಲ್ಲಿ ಮಕ್ಕಳು, ಹಿರಿಯರು ಕೂರುವುದು ಎಂಜಿನ್ ಸಮಸ್ಯೆಗಿಂತ ದೊಡ್ಡ ಅಪಾಯ. ಜೊತೆಗಿರುವ ಕುಡಿಯುವ ನೀರು ಮೊದಲು ಮನುಷ್ಯರಿಗೆ, ಕಾರಿಗೆ ಆಮೇಲೆ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಫೋನ್ ಮಾಡಿ.

ಮತ್ತೆ ಕನಿಷ್ಠ ಮುಕ್ಕಾಲು ಗಂಟೆ ಸುಮ್ಮನಿರಿ. ಆ ಬಿಸಿಲಿನಲ್ಲಿ ಒಂದು ಗಂಟೆಯೂ ಬೇಕಾದೀತು. ಹಬೆ ಬರುತ್ತಿದ್ದರೆ ಅದು ನಿಲ್ಲುವ ತನಕ ಬಾನೆಟ್ ಎತ್ತಬೇಡಿ. ಎತ್ತಿದ ಮೇಲೂ ಫ್ಯಾನ್ ಹತ್ತಿರ ಕೈ ಬೇಡ. ಕೀ ತೆಗೆದಿದ್ದರೂ ಎಲೆಕ್ಟ್ರಿಕ್ ಫ್ಯಾನ್ ತಾನಾಗಿಯೇ ತಿರುಗಬಹುದು. ಎಂಜಿನ್ ಮೇಲೆ ತಣ್ಣೀರು ಎರಚುವುದಂತೂ ಬೇಡವೇ ಬೇಡ. ಕಾದ ಲೋಹ ಒಮ್ಮೆಲೇ ತಣ್ಣಗಾದರೆ ಬಿರುಕು ಬಿಡುತ್ತದೆ.

ಕೈ ಇಟ್ಟರೆ ತಾಳಿಕೊಳ್ಳುವಷ್ಟು ತಣ್ಣಗಾಗಿ, ಮೇಲಿನ ಹೋಸ್ ಒತ್ತಿದಾಗ ಮೆತ್ತಗಿದ್ದರೆ ಕ್ಯಾಪ್ ತೆರೆಯಬಹುದು. ದಪ್ಪ ಬಟ್ಟೆ ಹಾಕಿ, ಮುಖ ಆಚೆ ತಿರುಗಿಸಿ, ಮೊದಲು ಕಾಲು ಸುತ್ತು ಮಾತ್ರ. ಸುಯ್ ಎನ್ನುವ ಸದ್ದು ಪೂರ್ತಿ ನಿಂತ ಮೇಲೆ ಉಳಿದದ್ದು.

ನೀರು ಹಾಕುವುದಾದರೆ ಯಾವ ನೀರು?

ನಮ್ಮ ಕರಾವಳಿಯ ಮುರಕಲ್ಲಿನ ನೆಲದ ಬಾವಿ ನೀರು ಮೆದು. ಸೋಪು ಹಚ್ಚಿದರೆ ನೊರೆ ತುಂಬಿ ಬರುತ್ತದೆ. ಅದೇ ನೀರನ್ನು ರೇಡಿಯೇಟರಿಗೆ ಹಾಕಿ ವರ್ಷಗಟ್ಟಲೆ ಓಡಿಸಿದವರು "ನಮಗೇನೂ ಆಗ್ಲಿಲ್ಲ" ಎನ್ನುವುದು ಅದಕ್ಕೇ (ತುಕ್ಕು ಹಿಡಿದದ್ದು ಅವರಿಗೆ ಕಂಡಿಲ್ಲ, ಅದು ಬೇರೆ ಮಾತು). ಉಮರ್ಗಾದಿಂದ ಉದಗಿರ್ ತನಕ ಕೆಳಗಿರುವುದು ದಖ್ಖನದ ಕಪ್ಪು ಕಲ್ಲು. ಅದರ ಸಂದಿಯಿಂದ ಬರುವ ಬೋರ್ ನೀರಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಹೆಚ್ಚು. ಗಡಸು ನೀರು. ಆ ಕಡೆಯ ಮನೆಗಳಲ್ಲಿ ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುವುದನ್ನು ನೋಡಿದವರಿಗೆ ಇದು ಅರ್ಥವಾದೀತು. ಎಂಜಿನ್ನಿನ ಸಣ್ಣ ನಾಳಗಳಲ್ಲಿ, ರೇಡಿಯೇಟರಿನ ತೆಳ್ಳಗಿನ ಕೊಳವೆಗಳಲ್ಲಿ ಅದೇ ಪದರ ಕೂತರೆ ಬಿಸಿ ಹೊರಗೆ ಹೋಗುವುದಿಲ್ಲ. ಈ ಬೇಸಿಗೆಯಲ್ಲಿ ಹಾಕಿದ ನೀರು ಮುಂದಿನ ಬೇಸಿಗೆಯಲ್ಲಿ ಕೈ ಕೊಡುತ್ತದೆ.

ಹೊರಡುವಾಗಲೇ ಡಿಕ್ಕಿಯಲ್ಲಿ ಒಂದು ಲೀಟರ್ ರೆಡಿಮಿಕ್ಸ್ ಕೂಲೆಂಟ್ ಇಟ್ಟುಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ. ಆದರೆ ಬರೀ "ಬ್ಯಾಟರಿ ನೀರು" ಅಂತ ಕೇಳಬೇಡಿ, ಅದೇ ಅಂಗಡಿಯಲ್ಲಿ ಆ್ಯಸಿಡ್ ಕೂಡ ಇರುತ್ತದೆ, ಲೇಬಲ್ ಓದಿ. ಅದೂ ಸಿಗದಿದ್ದರೆ ಕುಡಿಯುವ ಆರ್‌ಒ ನೀರು. ಬೋರ್ ನೀರು ಕೊನೆಯ ಉಪಾಯ, ಊರು ಮುಟ್ಟುವ ಮಟ್ಟಿಗೆ. ಆ ಮೇಲೆ ಫ್ಲಶ್ ಮಾಡಿಸಿ ಹೊಸ ಕೂಲೆಂಟ್ ತುಂಬಿಸಲೇಬೇಕು.

ಕೂಲೆಂಟ್ ಅಂದರೆ ಬಣ್ಣದ ನೀರಲ್ಲ

ಕೂಲೆಂಟಿನಲ್ಲಿ ಮುಖ್ಯವಾಗಿ ಎಥಿಲೀನ್ ಗ್ಲೈಕಾಲ್, ಶುದ್ಧ ನೀರು ಮತ್ತು ತುಕ್ಕು ತಡೆಯುವ ರಾಸಾಯನಿಕಗಳಿವೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಮತ್ತೆ ಇದು ಯಾಕೆ ಎನ್ನುವವರಿದ್ದಾರೆ. ಗ್ಲೈಕಾಲ್ ನೀರು ಹೆಪ್ಪುಗಟ್ಟದಂತೆ ತಡೆಯುವ ಹಾಗೆಯೇ ಕುದಿಯುವ ಬಿಂದುವನ್ನೂ ಮೇಲೆ ಏರಿಸುತ್ತದೆ. ಅರ್ಧಕ್ಕರ್ಧ ಮಿಶ್ರಣ ಕ್ಯಾಪಿನ ಒತ್ತಡದಲ್ಲಿ ಸುಮಾರು 130 ಡಿಗ್ರಿ ತನಕ ತಾಳುತ್ತದೆ. ಹಾಗಂತ ಗ್ಲೈಕಾಲ್ ಹೆಚ್ಚಿದ್ದಷ್ಟು ಒಳ್ಳೆಯದು ಎಂದಲ್ಲ. ಬಿಸಿ ಸಾಗಿಸುವ ಶಕ್ತಿ ನೀರಿಗೇ ಹೆಚ್ಚು. ಕಾನ್ಸಂಟ್ರೇಟ್ ಡಬ್ಬಿಯನ್ನು ಹಾಗೆಯೇ ಸುರಿದರೆ ಎಂಜಿನ್ ಇನ್ನೂ ಬಿಸಿಯಾಗುತ್ತದೆ. ರೆಡಿಮಿಕ್ಸ್‌ಗೆ ನೀರು ಸೇರಿಸಬೇಡಿ. ಕಾನ್ಸಂಟ್ರೇಟ್ ಆದರೆ ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಬೆರೆಸಿ.

ಹಸಿರು, ಕೆಂಪು, ನೀಲಿ ಬಣ್ಣ ನೋಡಿ ಕೊಳ್ಳುವುದು ತಪ್ಪು. ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮ ಇಲ್ಲ. ಕಾರಿನ ಪುಸ್ತಕದಲ್ಲಿ ಯಾವ ಮಾದರಿ ಎಂದಿದೆಯೋ ಅದೇ ಬೇಕು. ಎರಡು ಬಗೆ ಬೆರೆತರೆ ತುಕ್ಕು ತಡೆಯುವ ಗುಣ ಕುಂದುತ್ತದೆ, ಕೆಲವೊಮ್ಮೆ ಗಂಜಿಯಂತೆ ಕಟ್ಟಿಕೊಳ್ಳುತ್ತದೆ. ಹಳೆಯ ಮಾದರಿಯದ್ದನ್ನು ಸುಮಾರು 2 ವರ್ಷಕ್ಕೆ, ಹೊಸ ದೀರ್ಘಾವಧಿಯದ್ದನ್ನು ಸುಮಾರು 5 ವರ್ಷಕ್ಕೆ ಬದಲಿಸುವುದು ವಾಡಿಕೆ. ಮಟ್ಟ ನೋಡುವುದು ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು. ಪಕ್ಕದಲ್ಲೇ ಗಾಜು ತೊಳೆಯುವ ನೀರಿನ ಡಬ್ಬಿ ಇರುತ್ತದೆ, ಗಡಿಬಿಡಿಯಲ್ಲಿ ಅದಕ್ಕೆ ಸುರಿಯಬೇಡಿ.

ಒಂದು ಮಾತು ಮನೆಯವರಿಗೂ ತಿಳಿದಿರಲಿ. ಎಥಿಲೀನ್ ಗ್ಲೈಕಾಲ್ ವಿಷ, ಆದರೆ ರುಚಿ ಸಿಹಿ. ಉಳಿದ ಕೂಲೆಂಟನ್ನು ನೀರಿನ ಅಥವಾ ಶರಬತ್ತಿನ ಖಾಲಿ ಬಾಟಲಿಗೆ ತುಂಬಿ ಕಾರಿನೊಳಗೆ ಇಡುವ ಅಭ್ಯಾಸ ನಮ್ಮಲ್ಲಿ ಉಂಟು. ಬಾಯಾರಿದ ಮಗು ಅದನ್ನು ಎತ್ತಿ ಕುಡಿಯಲು ಎಷ್ಟು ಹೊತ್ತು ಬೇಕು? ಕುಡಿದವರು ಮೊದಲು ಅಮಲೇರಿದಂತೆ ಕಾಣಬಹುದು, ಮೂತ್ರಪಿಂಡಕ್ಕೆ ಹೊಡೆತ ಬೀಳುವುದು ಆಮೇಲೆ. ವಾಂತಿ ಮಾಡಿಸಬೇಡಿ, ಕಾಯಬೇಡಿ, ಡಬ್ಬಿಯನ್ನೂ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ. ಲಾತೂರ್, ಬೀದರ್ ಎರಡರಲ್ಲೂ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಹಳೆಯ ಕೂಲೆಂಟನ್ನು ರಸ್ತೆ ಬದಿ ಚೆಲ್ಲಿದರೆ ನಾಯಿ, ಆಡು, ದನ ನೆಕ್ಕುತ್ತವೆ. ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೇ ಕೊಡಿ.

ಗ್ಯಾರೇಜಿನಲ್ಲಿ ಏನು ಕೇಳಬೇಕು

ಈ ಮೂರೂ ತಾಲೂಕುಗಳಲ್ಲಿ ಬೋರ್ಡ್ ಮರಾಠಿಯಲ್ಲಿದ್ದರೂ ಕನ್ನಡ ಬಲ್ಲವರು ಸಿಗುತ್ತಾರೆ, ದಖನಿ ಉರ್ದು ಎಲ್ಲ ಕಡೆ ನಡೆಯುತ್ತದೆ. "ಗಾಡಿ ಗರಂ ಝಾಲಿ" ಅಂದರೆ ಮೆಕ್ಯಾನಿಕ್‌ಗೆ ಅರ್ಥವಾಗುತ್ತದೆ. ಆದರೆ ನೀರು ತುಂಬಿಸಿ ಕಳಿಸುವುದಕ್ಕೆ ಒಪ್ಪಬೇಡಿ, ಯಾಕೆ ಬಿಸಿಯಾಯಿತು ಎಂದು ಕೇಳಿ. ಹೋಸ್ ಸೋರಿಕೆಯೇ, ಫ್ಯಾನಿನ ಫ್ಯೂಸೇ, ವಾಟರ್ ಪಂಪೇ, ಕ್ಯಾಪಿನ ರಬ್ಬರ್ ಸತ್ತಿದೆಯೇ? ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ನಿಧಾನಕ್ಕೆ ಹೋದ ಕಾರುಗಳಲ್ಲಿ ಒಣ ರವದಿ, ಕಪ್ಪು ಮಣ್ಣಿನ ಧೂಳು ರೇಡಿಯೇಟರಿನ ಮುಂದೆ ಹೊದಿಕೆಯಂತೆ ಕೂತಿರುತ್ತದೆ. ಮೆಲ್ಲನೆ ನೀರು ಹಾಯಿಸಿ ತೊಳೆದರೆ ಸಾಕಾಗಬಹುದು. ಪ್ರೆಶರ್ ವಾಷರ್ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ನಮ್ಮ ಕಡೆಯ ಕಾರಾದರೆ ಉಪ್ಪುಗಾಳಿಗೆ ಆ ರೆಕ್ಕೆಗಳು ಮೊದಲೇ ಸವೆದಿರುತ್ತವೆ.

"ಥರ್ಮೋಸ್ಟಾಟ್ ತೆಗೆದು ಬಿಸಾಡೋಣ, ಬಿಸಿಯೇ ಆಗಲ್ಲ" ಎನ್ನುವ ಸಲಹೆ ಬಂದೀತು. ಬೇಡ ಅನ್ನಿ. ಅದು ಕೆಟ್ಟಿದ್ದರೆ ಹೊಸದು ಹಾಕಿಸಬೇಕು. ಅದಿಲ್ಲದೆ ಎಂಜಿನ್ ಸರಿಯಾದ ಶಾಖಕ್ಕೆ ಬರದೆ ಇಂಧನ ಹೆಚ್ಚು ಕುಡಿಯುತ್ತದೆ, ಕೆಲವು ಎಂಜಿನ್‌ಗಳಲ್ಲಿ ನೀರಿನ ಹರಿವೇ ದಾರಿ ತಪ್ಪಿ ಬಿಸಿ ಹೆಚ್ಚುತ್ತದೆ. ಸೋರಿಕೆಗೆ ಅರಿಶಿನ ಪುಡಿ ಹಾಕುವುದು ಹಳೆಯ ಲಾರಿ ಡ್ರೈವರ್‌ಗಳ ಉಪಾಯ. ಈಗಿನ ಸಪೂರ ಕೊಳವೆಗಳಲ್ಲಿ ಅದು ಸೋರುವ ತೂತಿನ ಜೊತೆ ಬೇಕಾದ ದಾರಿಯನ್ನೂ ಮುಚ್ಚುತ್ತದೆ.

ಆಯಿಲ್ ಕಡ್ಡಿ ಎಳೆದು ನೋಡುವುದನ್ನು ಮರೆಯಬೇಡಿ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಆಗ ಸ್ಟಾರ್ಟ್ ಮಾಡದೆ ಟೋಯಿಂಗ್ ಗಾಡಿಯಲ್ಲೇ ಸಾಗಿಸಿ.

ಸರಿಯಾಗಿ ಹೊರಟಿದ್ದರೂ ಬೀದರ್ ಮುಟ್ಟಿದ ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಟ್ಯಾಂಕಿನ ಗುರುತು ಮತ್ತೊಮ್ಮೆ ನೋಡಿ. ಹೊಸದಾಗಿ ತುಂಬಿದಾಗ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಿ ಮಟ್ಟ ಸ್ವಲ್ಪ ಇಳಿದಿರುತ್ತದೆ, ಅಷ್ಟು ತುಂಬಿಸಿದರಾಯಿತು. ಅದರ ಮರುದಿನವೂ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಮಂಗಳೂರಿನ ದಾರಿ ಹಿಡಿಯುವ ಮೊದಲು ಅಲ್ಲೇ ತೋರಿಸಿ.