ಬೆಂಕಿಗೆ ಬಗ್ಗದ ಕವಚ, ನೀರಿಗೆ ಸವೆಯುವ ಕವಚ

ಪರಮಾಣು ರಿಯಾಕ್ಟರಿನಲ್ಲಿ ಯುರೇನಿಯಂ ಗುಳಿಗೆಗಳನ್ನು ನೇರವಾಗಿ ನೀರಿನಲ್ಲಿ ಇಡುವುದಿಲ್ಲ. ಬೆರಳ ಗಾತ್ರದ ಉದ್ದನೆಯ ಕೊಳವೆಗಳಲ್ಲಿ ತುಂಬಿ ಬೆಸುಗೆ ಹಾಕುತ್ತಾರೆ. ವಿಕಿರಣಶೀಲ ವಸ್ತುಗಳು ನೀರಿಗೆ ಸೇರದಂತೆ ಮೊದಲು ತಡೆಯುವುದು ಈ ಕವಚ. ಅದರ ದಪ್ಪವೋ ಒಂದು ಮಿಲಿಮೀಟರಿಗಿಂತ ಕಡಿಮೆ!

1950ರ ಸುಮಾರಿಗೆ ಅಮೆರಿಕದ ನೌಕಾಪಡೆಯ ಹೈಮನ್ ರಿಕೋವರ್ 'ನಾಟಿಲಸ್' ಜಲಾಂತರ್ಗಾಮಿಯ ರಿಯಾಕ್ಟರಿಗೆ ಜಿರ್ಕೋನಿಯಂ ಲೋಹವನ್ನು ಆರಿಸಿಕೊಂಡರು. ಅದು ನ್ಯೂಟ್ರಾನುಗಳನ್ನು ಹೀರುವುದು ತೀರಾ ಕಡಿಮೆ. ನೀರು ತಾಗಿದಾಗ ಮೇಲ್ಮೈಯಲ್ಲಿ ಹುಟ್ಟುವ ಆಕ್ಸೈಡ್ ಪೊರೆ ಕರಗದೆ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ನಮ್ಮ ಕೈಗಾ ಸ್ಥಾವರದಲ್ಲೂ ಇಂಧನದ ಕವಚ ಜಿರ್ಕೋನಿಯಂ ಮಿಶ್ರಲೋಹವೇ.

ಆದರೆ ತಂಪುನೀರಿನ ಪೂರೈಕೆ ತಪ್ಪಿ ಬಿಸಿ 1200 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಇದೇ ಲೋಹ ಹಬೆಯೊಡನೆ ರಭಸದಿಂದ ವರ್ತಿಸಿ, ಇನ್ನಷ್ಟು ಶಾಖವನ್ನೂ ಹೈಡ್ರೋಜನ್ ಅನಿಲವನ್ನೂ ಹೊರಹಾಕುತ್ತದೆ. 1979ರಲ್ಲಿ ಅಮೆರಿಕದ ಥ್ರೀ ಮೈಲ್ ಐಲೆಂಡ್‌ನಲ್ಲಿ ಇದರ ಮುನ್ಸೂಚನೆ ಸಿಕ್ಕಿತ್ತು. 2011ರಲ್ಲಿ ಜಪಾನಿನ ಫುಕುಶಿಮಾದಲ್ಲಿ ಹೈಡ್ರೋಜನ್ ಸಿಡಿದು ಕಟ್ಟಡಗಳ ಚಾವಣಿಗಳೇ ಹಾರಿಹೋದವು.

ಆಗ ವಿಜ್ಞಾನಿಗಳ ಗಮನ ಸಿಲಿಕಾನ್ ಕಾರ್ಬೈಡ್ ಎಂಬ ಸೆರಾಮಿಕ್ ಕಡೆಗೆ ಇನ್ನಷ್ಟು ಹರಿಯಿತು. ಕೃತಕ ವಜ್ರ ಮಾಡಲು ಹೊರಟ ಎಡ್ವರ್ಡ್ ಅಚೆಸನ್ 1891ರಲ್ಲಿ ತಯಾರಿಸಿದ ವಸ್ತುವಿದು. ಸಾಣೆಕಲ್ಲಾಗಿ ಜಗತ್ತಿನ ಕಾರ್ಖಾನೆಗಳನ್ನು ಸೇರಿತು. ಲೋಹ ಉರಿಯುವಂಥ ಬಿಸಿ ಹಬೆಯಲ್ಲೂ ಇದು ಬಲು ನಿಧಾನವಾಗಿ ಮಾತ್ರ ಬದಲಾಗುತ್ತದೆ. ಪಿಂಗಾಣಿಯಂತೆ ಒಡೆಯಬಾರದೆಂದು ಇದರದೇ ಎಳೆಗಳನ್ನು ಹೆಣೆದು ಕೊಳವೆ ಮಾಡುತ್ತಾರೆ.

ತೊಡಕು ಬಂದದ್ದು ಬೆಂಕಿಯಿಂದಲ್ಲ, ದಿನನಿತ್ಯದ ನೀರಿನಿಂದ. ರಿಯಾಕ್ಟರಿನ ನೀರು ಸುಮಾರು 300 ಡಿಗ್ರಿ ಬಿಸಿಯಾಗಿದ್ದು, ಭಾರಿ ಒತ್ತಡದಿಂದಾಗಿ ಕುದಿಯದೆ ಹರಿಯುತ್ತದೆ. ಅದರಲ್ಲಿ ಸಿಲಿಕಾನ್ ಕಾರ್ಬೈಡಿನ ಮೇಲೆ ಹುಟ್ಟುವ ಪೊರೆ ಸಿಲಿಕಾ, ಅಂದರೆ ಮರಳಿನ ಮೂಲದ್ರವ್ಯ. ಬಿಸಿನೀರು ಅದನ್ನು ಕರಗಿಸಿಕೊಳ್ಳುತ್ತದೆ. ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಗಳ ಬಾಯಲ್ಲಿ ಬಿಳಿಯ ಗಟ್ಟಿ ಪದರ ಕಟ್ಟುವುದೂ ಹೀಗೆ ಕರಗಿ ಬಂದ ಸಿಲಿಕಾದಿಂದಲೇ. ಪೊರೆ ಕರಗಿದಂತೆ ಹೊಸ ಪೊರೆ, ಅದೂ ಕರಗಿ ಗೋಡೆ ತೆಳ್ಳಗಾಗುತ್ತದೆ. ಕರಗಿದ ಸಿಲಿಕಾ ನೀರಿನೊಡನೆ ಸುತ್ತುತ್ತದೆ.

ನೀರಿನಲ್ಲಿ ಹೈಡ್ರೋಜನ್ ಬೆರೆಸಿ ಆಕ್ಸಿಡೀಕರಣವನ್ನು ತಗ್ಗಿಸಿದರೆ ಸವೆತ ಕಡಿಮೆಯಾಗುತ್ತದೆ. ಕ್ರೋಮಿಯಂನಂಥ ಲೇಪಗಳ ಪ್ರಯೋಗವೂ ನಡೆದಿದೆ. ಈ ನಡುವೆ ಹಳೆಯ ಜಿರ್ಕೋನಿಯಂಗೇ ಕ್ರೋಮಿಯಂ ಲೇಪಿಸಿದ ಸರಳುಗಳು 2019ರಲ್ಲಿ ಅಮೆರಿಕದ ವೋಗ್ಟಲ್ ಸ್ಥಾವರದಲ್ಲಿ ಪರೀಕ್ಷೆಗಿಳಿದವು.

ಅವಘಡ ಎಂದೋ ಒಮ್ಮೆ ಬರಬಹುದು, ಬಾರದೆಯೂ ಇರಬಹುದು. ಬಿಸಿನೀರು ಮಾತ್ರ ವರ್ಷಗಟ್ಟಲೆ ಹಗಲಿರುಳೂ ಕವಚವನ್ನು ತಾಗುತ್ತಿರುತ್ತದೆ. ಅವಘಡದ ದಿನ ಕಾಯಬೇಕಾದ ಕವಚ ಅಲ್ಲಿಯವರೆಗೆ ಈ ನೀರಿನಲ್ಲಿ ಉಳಿದಿರಬೇಕಲ್ಲವೇ?