ಲೆಡ್ಜರು ಊರು ಬಿಟ್ಟ ಕಥೆ

ಬ್ಯಾಂಕಿನ ಕೌಂಟರಿನೆದುರು ಸರತಿಯಲ್ಲಿ ನಿಂತವರಿಗೆಲ್ಲ ಪರಿಚಯವಾಗಿರುವ ಮಾತು ಒಂದಿದೆ: "ಸರ್ವರ್ ಡೌನ್." ಕನ್ನಡದ ಗುಮಾಸ್ತನಾಗಲಿ ತಮಿಳಿನ ಗುಮಾಸ್ತನಾಗಲಿ ಈ ಎರಡು ಪದಗಳನ್ನು ಮಾತ್ರ ಅನುವಾದಿಸುವ ಗೋಜಿಗೆ ಹೋಗುವುದಿಲ್ಲ. ಮಾತು ಕಿವಿಗೆ ಬಿದ್ದ ಕೂಡಲೇ ಗಿರಾಕಿಗಳು ಮೇಜಿನ ಮೇಲಿನ ಕಂಪ್ಯೂಟರನ್ನು ದುರುಗುಟ್ಟಿಕೊಂಡು ನೋಡುತ್ತಾರೆ. ಪಾಪ, ಆ ಪೆಟ್ಟಿಗೆ ನಿರಪರಾಧಿ. ಕೆಟ್ಟಿರುವ ಯಂತ್ರ ಆ ಕಟ್ಟಡದಲ್ಲಿಲ್ಲ, ಕೋಡಂಬಾಕ್ಕದಲ್ಲಿಲ್ಲ, ಅನೇಕ ವೇಳೆ ತಮಿಳುನಾಡಿನಲ್ಲೇ ಇರುವುದಿಲ್ಲ. ಅದರ ನಾಡಿ ಹಿಡಿದು ಕುಳಿತವರು ಬೇರೊಂದು ಊರಿನಲ್ಲಿರುತ್ತಾರೆ. ನಾನು ಚರಿತ್ರಕಾರನಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದ ಗುಮಾಸ್ತ. ಆದರೂ ನಮ್ಮ ಹಣದ ಲೆಕ್ಕ ಈ ದೂರದ ಕಾವಲಿಗೆ ಒಳಪಟ್ಟುದು ಹೇಗೆಂಬುದನ್ನು ಊರು ಬಿಟ್ಟು ಬಂದಿರುವ ನಾವು ತಿಳಿದಿರಬೇಕೆಂದು ನನಗೆ ತೋರಿತು. ಲೆಡ್ಜರೂ ನಮ್ಮಂತೆಯೇ ಊರು ಬಿಟ್ಟದ್ದಲ್ಲವೇ?

ಕಡಲ ಕರೆಯ ಕನ್ನಡನಾಡಿನಲ್ಲಿ ಹುಟ್ಟಿದ ಬ್ಯಾಂಕುಗಳ ಹೆಸರುಗಳು ವಾಚಕರಿಗೆ ಹೊಸವಲ್ಲ. ಮುಂದೆ ಕೆನರಾ ಬ್ಯಾಂಕೆಂದು ಹೆಸರಾದ ಸಂಸ್ಥೆಯು ಮಂಗಳೂರಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕೆಂದು ಹೆಸರಾದುದು ಉಡುಪಿಯಲ್ಲಿಯೂ ೧೯೦೬ರಲ್ಲಿಯೇ ಪ್ರಾರಂಭವಾದುವು. ೧೯೨೪ರಲ್ಲಿ ಕರ್ಣಾಟಕ ಬ್ಯಾಂಕು, ೧೯೨೫ರಲ್ಲಿ ಸಿಂಡಿಕೇಟ್, ೧೯೩೧ರಲ್ಲಿ ವಿಜಯಾ ಬ್ಯಾಂಕು ಬಂದುವು. ಹೋಟೆಲು ಇಡಲು ಬಂದವರು, ಸ್ಟುಡಿಯೋಗಳಲ್ಲಿ ಕೆಲಸ ಹುಡುಕಿಕೊಂಡು ಬಂದವರು, ಕಚೇರಿಯ ವರ್ಗಾವಣೆಯಿಂದ ಬಂದವರು, ಹೀಗೆ ಮದರಾಸು ಸೇರಿದ ನಮ್ಮವರಿಗೆ ಬೋರ್ಡಿನ ಮೇಲೆ ಊರ ಕಡೆಯ ಬ್ಯಾಂಕಿನ ಹೆಸರು ಕಂಡರೆ ಅರ್ಧ ಊರೇ ಕಂಡಷ್ಟು ಸಮಾಧಾನ.

ಆಗ ಖಾತೆ ಎಂದರೆ ಲೆಡ್ಜರಿನ ಒಂದು ಪುಟ. ಲೆಡ್ಜರು ಇರುವುದು ಶಾಖೆಯಲ್ಲಿ. ಉಡುಪಿಯಲ್ಲಿ ತೆರೆದ ಖಾತೆಯ ಹಣವನ್ನು ಕೋಡಂಬಾಕ್ಕದಲ್ಲಿ ಕೇಳಿದರೆ, ಅದೇ ಬ್ಯಾಂಕಿನವರಾದರೂ ಕೊಡುವಂತಿರಲಿಲ್ಲ. ಆ ಪುಟ ಅವರ ಕೈಯಲ್ಲಿರಲಿಲ್ಲ. ಇಲ್ಲಿಂದ ಕುಂದಾಪುರದ ತಾಯಿಗೆ ಹಣ ಕಳುಹಿಸಬೇಕಾದ ಮಗ ಡ್ರಾಫ್ಟು ತೆಗೆದು ರಿಜಿಸ್ಟರ್ಡ್ ಅಂಚೆಗೆ ಹಾಕುತ್ತಿದ್ದ, ಇಲ್ಲವೇ ಮನಿಯಾರ್ಡರು ಮಾಡುತ್ತಿದ್ದ. ಅವಸರವಾದರೆ ತಂತಿಯ ಮೂಲಕ ವರ್ಗಾವಣೆ. ತಂತಿ ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಗುಪ್ತಸಂಕೇತದ ಅಂಕಿ ಬೇರೆ. ಪರವೂರಿನ ಚೆಕ್ಕು ಹಾಕಿದವರು ಎರಡು ಮೂರು ವಾರ ಶಾಂತಿಮಂತ್ರ ಜಪಿಸಬೇಕಾಗಿತ್ತು.

ದೂರದಿಂದ ಕಾಯುವ ಪದ್ಧತಿ ಆಗ ಇರಲಿಲ್ಲವೆಂದಲ್ಲ. ಪ್ರಧಾನ ಕಚೇರಿ ತನ್ನ ಶಾಖೆಗಳನ್ನು ಅಂಚೆಯ ಮೂಲಕವೇ ಕಾಯುತ್ತಿತ್ತು. ಶಾಖೆಯಿಂದ ಗೊತ್ತಾದ ದಿನಕ್ಕೆ ಪಟ್ಟಿ ಹೋಗಬೇಕು. ಹೋಗದಿದ್ದರೆ ಜ್ಞಾಪನಪತ್ರ ಬರುವುದು. ಅದಕ್ಕೂ ಉತ್ತರ ಹೋಗದಿದ್ದರೆ ಒಂದು ಬೆಳಗ್ಗೆ ಇನ್ಸ್‌ಪೆಕ್ಟರರೇ ಕೈಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುವರು. ಮೌನವಾಗಿರುವ ಶಾಖೆಯಲ್ಲಿ ಏನೋ ಕೆಟ್ಟಿದೆ ಎಂಬುದು ಅವರ ಸೂತ್ರ. ಈ ಸೂತ್ರವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಯಂತ್ರಗಳ ಕಾವಲೂ ಇದರ ಮೇಲೆಯೇ ನಿಂತಿದೆ.

೧೯೬೯ರ ಜುಲೈ ೧೯ರಂದು ಕೆನರಾ, ಸಿಂಡಿಕೇಟ್ ಸೇರಿದಂತೆ ೧೪ ಬ್ಯಾಂಕುಗಳು ರಾಷ್ಟ್ರೀಕರಣಗೊಂಡುವು. ಅದಾಗಿ ಆರು ವಾರ ಕಳೆಯುವಷ್ಟರಲ್ಲಿ, ಇದರ ಸುಳಿವೂ ಇಲ್ಲದ ಅಮೆರಿಕದಲ್ಲಿ, ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯಕ್ಕೆ ಕಬ್ಬಿಣದ ಬೀರುವಿನಷ್ಟು ದೊಡ್ಡದಾದ ಒಂದು ಯಂತ್ರ ಬಂದಿಳಿಯಿತು. ಬೇರೆ ಬೇರೆ ಊರುಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಅರ್ಪಾನೆಟ್ ಎಂಬ ಜಾಲದ ಮೊದಲ ಕೊಂಡಿ ಅದು. ಅದನ್ನು ನಿರ್ಮಿಸಿದ ಬಿ.ಬಿ.ಎನ್. ಎಂಬ ಸಂಸ್ಥೆ ಇದ್ದುದು ಸಾವಿರಾರು ಮೈಲಿ ಆಚೆ, ಮ್ಯಾಸಚೂಸೆಟ್ಸಿನ ಕೇಂಬ್ರಿಜ್ಜಿನಲ್ಲಿ. ಪ್ರತಿಯೊಂದು ಊರಿಗೂ ಒಬ್ಬೊಬ್ಬ ಇಂಜಿನಿಯರನನ್ನು ಕೂರಿಸುವುದು ಅಸಾಧ್ಯವೆಂದು ಕಂಡು ಅವರು ತಮ್ಮ ಕಚೇರಿಯಲ್ಲಿಯೇ ಒಂದು ನಿಯಂತ್ರಣ ಕೇಂದ್ರವನ್ನು ತೆರೆದರು. ಪ್ರತಿಯೊಂದು ಯಂತ್ರವೂ ಗೊತ್ತಾದ ಅವಧಿಗೊಮ್ಮೆ "ನಾನು ಕ್ಷೇಮ, ನನ್ನ ತಂತಿಗಳು ಇಂತಿಂಥ ಸ್ಥಿತಿಯಲ್ಲಿವೆ" ಎಂದು ಕೇಂದ್ರಕ್ಕೆ ವರದಿ ಕಳುಹಿಸಬೇಕು. ವರದಿ ಬಾರದಿದ್ದರೆ ರೋಗ ಬಂದಿದೆಯೆಂದೇ ಅರ್ಥ. ನಮ್ಮ ಇನ್ಸ್‌ಪೆಕ್ಟರರ ಸೂತ್ರವೇ! ಕೆಟ್ಟು ನಿಂತ ಯಂತ್ರ ನೆರೆಯ ಊರಿನ ಯಂತ್ರದಿಂದ ತನ್ನ ಕಾರ್ಯಕ್ರಮದ ಹೊಸ ಪ್ರತಿಯನ್ನು ತರಿಸಿಕೊಂಡು ಮತ್ತೆ ಎದ್ದು ನಿಲ್ಲುವ ಏರ್ಪಾಡನ್ನೂ ಮಾಡಿದ್ದರು. ಕೇಂಬ್ರಿಜ್ಜಿನಿಂದ ಟೆಲಿಫೋನ್ ಕಂಪೆನಿಗೆ ಕರೆ ಮಾಡಿ "ದೇಶದ ಆ ಮೂಲೆಯಲ್ಲಿ ನಿಮ್ಮ ತಂತಿ ಕೆಟ್ಟಿದೆ" ಎಂದು ಇವರೇ ಹೇಳುವಾಗ, ತಮಗೇ ತಿಳಿಯದ ಸುದ್ದಿ ಇವರಿಗೆ ಹೇಗೆ ತಿಳಿಯಿತೆಂದು ಕಂಪೆನಿಯವರು ಬೆಪ್ಪಾಗುತ್ತಿದ್ದರಂತೆ.

೧೯೮೩ರಲ್ಲಿ ಮೈಕ್ ಮ್ಯೂಸ್ ಎಂಬಾತ "ಪಿಂಗ್" ಎಂಬ ಪುಟ್ಟ ಕಾರ್ಯಕ್ರಮವನ್ನು ಬರೆದನು. ಕತ್ತಲಲ್ಲಿ "ಇದ್ದೀಯೇನಪ್ಪಾ?" ಎಂದು ಕೂಗಿ "ಇದ್ದೇನೆ" ಎಂಬ ಪ್ರತ್ಯುತ್ತರಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಎಣಿಸುವುದೇ ಅದರ ಕೆಲಸ. ೧೯೮೮ರಲ್ಲಿ ಯಾವ ಕಂಪೆನಿಯ ಯಂತ್ರವಾದರೂ ಒಂದೇ ಭಾಷೆಯಲ್ಲಿ ತನ್ನ ಆರೋಗ್ಯವನ್ನು ವರದಿಮಾಡುವಂತೆ ಎಸ್.ಎನ್.ಎಂ.ಪಿ. ಎಂಬ ನಿಯಮಾವಳಿ ಬಂತು.

ಆ ವರ್ಷಗಳಲ್ಲಿ ನಮ್ಮ ಬ್ಯಾಂಕುಗಳು ಕಂಪ್ಯೂಟರನ್ನು ಹೊಸ್ತಿಲೊಳಗೆ ಬಿಡಬೇಕೇ ಬೇಡವೇ ಎಂಬ ಚರ್ಚೆಯಲ್ಲಿದ್ದುವು. ೧೯೬೦ರ ದಶಕದಲ್ಲಿ ಕಲ್ಕತ್ತೆಯ ಎಲ್.ಐ.ಸಿ. ನೌಕರರು ಯಂತ್ರ ಒಳಗೆ ಬಾರದಂತೆ ಕಟ್ಟಡಕ್ಕೇ ಕಾವಲು ಕುಳಿತಿದ್ದರು. ಆ ಭಯವನ್ನು ಈಗ ನಗುವುದು ಸುಲಭ. ಹೊಟ್ಟೆಪಾಡಿನ ಭಯ ಅದು. ೧೯೮೩ರ ಸೆಪ್ಟೆಂಬರಿನಲ್ಲಿ ನೌಕರರ ಸಂಘಕ್ಕೂ ಬ್ಯಾಂಕುಗಳಿಗೂ ಒಪ್ಪಂದವಾಯಿತು, ಮರುವರ್ಷ ಡಾ. ಸಿ. ರಂಗರಾಜನ್ ಸಮಿತಿಯ ವರದಿ ಬಂತು. ಶಾಖೆಗಳಿಗೆ ಲೆಡ್ಜರು ಬರೆಯುವ ಯಂತ್ರಗಳು ಬಂದುವು. ೧೯೯೩ರ ಒಪ್ಪಂದದ ಮೇಲೆ ಪೂರ್ಣ ಕಂಪ್ಯೂಟರೀಕರಣ ವೇಗ ಪಡೆಯಿತು. ಆದರೂ ಪ್ರತಿಯೊಂದು ಶಾಖೆಯೂ ಒಂದು ದ್ವೀಪವೇ. ಅದರ ಲೆಕ್ಕ ಅದರ ಯಂತ್ರದಲ್ಲಿ. ಯಂತ್ರ ಕೆಟ್ಟರೆ ಕಂಪೆನಿಯ ಹುಡುಗ ಸ್ಕೂಟರಿನಲ್ಲಿ ಬರಬೇಕು. ಆತನ ಹೆಸರು, ಊರು, ಕಾಫಿಗೆ ಸಕ್ಕರೆ ಎಷ್ಟು ಎಂಬುದೆಲ್ಲ ಶಾಖೆಗೆ ಗೊತ್ತಿರುತ್ತಿತ್ತೆಂದು ಹಿರಿಯ ಸಹೋದ್ಯೋಗಿಗಳು ಈಗಲೂ ಹೇಳುತ್ತಾರೆ.

ದ್ವೀಪಗಳನ್ನು ಜೋಡಿಸಲು ನೆಲದ ತಂತಿಯನ್ನು ಮಾತ್ರ ನಂಬುವಂತಿರಲಿಲ್ಲ. ಆದುದರಿಂದ ಆಕಾಶದ ದಾರಿ ಹಿಡಿದರು. ರಿಸರ್ವ್ ಬ್ಯಾಂಕು ೧೯೯೬ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿಸಿದ ಐ.ಡಿ.ಆರ್.ಬಿ.ಟಿ. ಸಂಸ್ಥೆಯು ೧೯೯೯ರಲ್ಲಿ ಇನ್‌ಫಿನೆಟ್ ಎಂಬ ಬ್ಯಾಂಕುಗಳ ಜಾಲವನ್ನು ಉಪಗ್ರಹದ ಮೂಲಕ ಆರಂಭಿಸಿತು. ಬ್ಯಾಂಕುಗಳ ಮಾಳಿಗೆಯ ಮೇಲೆ ಬಿಳಿಯ ತಟ್ಟೆಗಳು ಕಾಣಿಸಿಕೊಂಡುವು.

ಇಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿಯೊಂದಿದೆ. ಇನ್ಸಾಟ್ ಉಪಗ್ರಹಗಳು ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿರುತ್ತವೆ. ಅಲ್ಲಿಗೆ ಯಾವ ಸ್ಕೂಟರೂ ಹೋಗದು. ಅವುಗಳ ಪೋಷಣೆಗಾಗಿ ೧೯೮೨ರಲ್ಲಿ ಇಸ್ರೋ ಸಂಸ್ಥೆಯು ಕೇಂದ್ರ ತೆರೆದುದು ನಮ್ಮ ಹಾಸನದಲ್ಲಿ. ಮೊದಲನೆಯ ಇನ್ಸಾಟ್-೧ಎ ಅದೇ ವರ್ಷದ ಏಪ್ರಿಲಿನಲ್ಲಿ ಮೇಲೆ ಹೋಗಿ ಸೆಪ್ಟೆಂಬರಿನಲ್ಲಿ ಕೈಬಿಟ್ಟಿತು. ೧೯೮೩ರ ಆಗಸ್ಟಿನಲ್ಲಿ ಹೋದ ಇನ್ಸಾಟ್-೧ಬಿ ಕೂಡ ತನ್ನ ಸೌರಫಲಕವನ್ನು ಬಿಚ್ಚಲು ಒಪ್ಪದೆ ಹಟ ಹಿಡಿಯಿತು. ಮುಟ್ಟಲಾಗದ, ನೋಡಲಾಗದ ಯಂತ್ರಕ್ಕೆ ಕೆಳಗಿನಿಂದ ಅಪ್ಪಣೆಯ ಮೇಲೆ ಅಪ್ಪಣೆ ಕಳುಹಿಸಿ, ಸೆಪ್ಟೆಂಬರು ನಡುವಿನ ಹೊತ್ತಿಗೆ ಫಲಕವನ್ನು ಬಿಚ್ಚಿಸಿದರು. ಮುಂದೆ ಅದು ವರ್ಷಗಟ್ಟಲೆ ದುಡಿಯಿತು. ದೂರದ ದುರಸ್ತಿ ಎಂಬ ವಿದ್ಯೆಯಲ್ಲಿ ಇದಕ್ಕಿಂತ ಕಠಿಣ ಪರೀಕ್ಷೆ ನಮ್ಮ ದೇಶದಲ್ಲಿ ಅಲ್ಲಿಯವರೆಗೆ ನಡೆದಿರಲಿಲ್ಲವೆಂದು ನನ್ನ ಎಣಿಕೆ. ಕೋಡಂಬಾಕ್ಕದ ಮಾಳಿಗೆಯ ತಟ್ಟೆ ಇನ್ಸಾಟಿನತ್ತ ಮುಖ ಮಾಡಿ ನಿಂತಾಗ ಅದನ್ನು ಕಾಯುತ್ತಿದ್ದುದು ಹಾಸನದ ಕಣ್ಣು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ಮುಂದಿನ ಹೆಜ್ಜೆ ಇಟ್ಟುದು ಬೆಂಗಳೂರು. ಇನ್ಫೋಸಿಸ್ ಸಿದ್ಧಪಡಿಸಿದ ಫಿನಾಕಲ್ ಎಂಬ ಕಾರ್ಯಕ್ರಮವನ್ನು ಕರ್ಣಾಟಕ ಬ್ಯಾಂಕು ೨೦೦೦ದ ಸುಮಾರಿಗೇ ಅಳವಡಿಸತೊಡಗಿತು. ಅನಂತರದ ಹತ್ತು ಹನ್ನೆರಡು ವರ್ಷಗಳಲ್ಲಿ ಹೆಚ್ಚುಕಡಿಮೆ ಎಲ್ಲ ವಾಣಿಜ್ಯ ಬ್ಯಾಂಕುಗಳೂ ಇಂತಹ ಒಂದಲ್ಲ ಒಂದು ಏರ್ಪಾಡಿಗೆ ಬಂದುವು. ಇದನ್ನೇ ಕೋರ್ ಬ್ಯಾಂಕಿಂಗ್ ಎನ್ನುವುದು. ಎಲ್ಲ ಶಾಖೆಗಳ ಲೆಡ್ಜರುಗಳೂ ಒಂದೇ ಕೇಂದ್ರಕ್ಕೆ ಹೋದುವು. ಅದರ ಪಡಿಯಚ್ಚು ಇನ್ನೊಂದು ಊರಿನಲ್ಲಿ. ಉಡುಪಿಯ ಖಾತೆಯ ಹಣ ಕೋಡಂಬಾಕ್ಕದಲ್ಲಿ ಕೈಗೆ ಸಿಕ್ಕಿತು. ವಲಸೆ ಬಂದ ಕುಟುಂಬಗಳಿಗೆ ಇದು ಸಣ್ಣ ಲಾಭವಲ್ಲ.

ಶಾಖೆಯ ಕಂಪ್ಯೂಟರುಗಳ ಆರೈಕೆಯೂ ಇದರ ಹಿಂದೆಯೇ ದೂರ ಹೋಯಿತು. ರಾತ್ರಿ ನಾವು ಮನೆಯಲ್ಲಿ ಮಲಗಿರುವಾಗ ಯಂತ್ರಗಳಿಗೆ ಹೊಸ ರಕ್ಷಣಾ ಕಾರ್ಯಕ್ರಮಗಳು ಇಳಿಯುತ್ತವೆ. ದೂರು ಕೊಟ್ಟರೆ ಎಲ್ಲಿಯೋ ಕುಳಿತವರು ಒಳಹೊಕ್ಕು, ಪರದೆಯ ಮೇಲಿನ ಬಾಣವನ್ನು ತಾವೇ ಓಡಿಸಿ ಸರಿಮಾಡುತ್ತಾರೆ. ನಾವು ಮೌಸಿನಿಂದ ಕೈ ತೆಗೆದು ಸಿನಿಮಾ ನೋಡುವವರಂತೆ ಕುಳಿತಿರಬೇಕು. ಇಂತಹ ಕಾವಲಿಗೆ ಬೇಕಾದ ಸಲಕರಣೆ ನಮ್ಮ ಚೆನ್ನೈಯಲ್ಲಿಯೇ ತಯಾರಾಗುತ್ತದೆ. ೧೯೯೬ರಲ್ಲಿ ಆರಂಭವಾದ ಅಡ್ವೆಂಟ್‌ನೆಟ್ ಎಂಬ ಸಂಸ್ಥೆಯ ಮೊದಲ ಕಸುಬು ಮೇಲೆ ಹೇಳಿದ ಎಸ್.ಎನ್.ಎಂ.ಪಿ.ಗೆ ಸಂಬಂಧಿಸಿದ್ದೇ; ೨೦೦೯ರಲ್ಲಿ ಅದು ಜೋಹೋ ಎಂದು ಹೆಸರು ಬದಲಿಸಿತು. ೧೯೩೧ರಲ್ಲಿಯೇ ವಿದ್ಯುತ್ ರೈಲು ಕಂಡ ನಮ್ಮ ಕೋಡಂಬಾಕ್ಕಂ ನಿಲ್ದಾಣದಿಂದ ಚೆಂಗಲ್ಪಟ್ಟಿನ ಗಾಡಿ ಹತ್ತಿ ಗೂಡುವಾಂಚೇರಿಯಲ್ಲಿ ಇಳಿದರೆ ಅವರ ಆವರಣ ದೂರವಿಲ್ಲ.

ಈ ಏರ್ಪಾಡಿಗೆ ನಮ್ಮ ಊರಿನಲ್ಲಿ ಕಠಿಣ ಪರೀಕ್ಷೆಗಳು ಒದಗಿದುವು. ೨೦೧೫ರ ಡಿಸೆಂಬರಿನ ಪ್ರವಾಹದಲ್ಲಿ ನೀರು ಅಂಗಡಿ, ಮನೆ, ಬ್ಯಾಂಕು ಎಂದು ನೋಡದೆ ನುಗ್ಗಿತು. ಲೆಡ್ಜರಿನ ಕಾಲವಾಗಿದ್ದರೆ ನೆನೆದ ಪುಟಗಳನ್ನು ಬಿಸಿಲಿಗೆ ಹರಡಿ ಅಂಕಿಗಳನ್ನು ಊಹಿಸಬೇಕಾಗುತ್ತಿತ್ತು. ಹಾಗಾಗಲಿಲ್ಲ, ಲೆಕ್ಕ ಬೇರೆ ಊರಿನಲ್ಲಿ ಒಣಗಿಯೇ ಇತ್ತು. ಮರುವರ್ಷದ ಕಥೆ ಬೇರೆ. ನವೆಂಬರು ೮ರಂದು ೫೦೦, ೧೦೦೦ದ ನೋಟುಗಳು ರದ್ದಾಗಿ ಜನ ಕಾರ್ಡನ್ನೇ ನಂಬಿಕೊಂಡಿದ್ದ ಹೊತ್ತಿಗೆ, ಡಿಸೆಂಬರು ೧೨ರಂದು ವರ್ದಾ ಚಂಡಮಾರುತ ಅಪ್ಪಳಿಸಿತು. ವಿದ್ಯುತ್ತು ಹೋಯಿತು, ಫೋನು ಹೋಯಿತು, ಅಂಗಡಿಗಳ ಕಾರ್ಡು ಯಂತ್ರಗಳು ಮೂಕವಾದುವು. ಲೆಕ್ಕ ಕ್ಷೇಮವಾಗಿತ್ತು; ಹಾಲಿಗೆ ಮಾತ್ರ ಕಾಸಿರಲಿಲ್ಲ. ಮಂಗಳೂರಿನ ಇನ್ಸ್‌ಪೆಕ್ಟರರಂತೆ ಬಸ್ಸು ಹತ್ತಿ ಬಂದು ನೋಡುವ ಅಭ್ಯಾಸ ಆ ದೂರದ ಕಾವಲುಗಾರರಿಗಿಲ್ಲ.

೨೦೨೪ರ ಜುಲೈ ೧೯ರಂದು, ಅಂದರೆ ರಾಷ್ಟ್ರೀಕರಣಕ್ಕೆ ಸರಿಯಾಗಿ ೫೫ ವರ್ಷ ತುಂಬಿದ ದಿನ, ಕ್ರೌಡ್‌ಸ್ಟ್ರೈಕ್ ಎಂಬ ಕಂಪೆನಿ ಕೇಂದ್ರದಿಂದ ಕಳುಹಿಸಿದ ಒಂದು ದೋಷಯುಕ್ತ ಕಡತದಿಂದ ಲೋಕದಲ್ಲೆಲ್ಲ ಸುಮಾರು ೮೫ ಲಕ್ಷ ಕಂಪ್ಯೂಟರುಗಳು ಕುಸಿದುವೆಂದು ಮೈಕ್ರೋಸಾಫ್ಟ್ ಲೆಕ್ಕ ಹಾಕಿತು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ನಮ್ಮ ದೇಶದ ಬ್ಯಾಂಕುಗಳಿಗೆ ತಗುಲಿದ ತೊಂದರೆ ಅಲ್ಪ. ಆದರೆ ಕುಸಿದ ಯಂತ್ರ ಜಾಲಕ್ಕೆ ಓಗೊಡುವುದಿಲ್ಲವಾದ ಕಾರಣ, ಅನೇಕ ಕಡೆ ಮನುಷ್ಯರೇ ಒಂದೊಂದು ಯಂತ್ರದ ಮುಂದೆ ಕುಳಿತು ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು.

ಈ ನಡುವೆ ಬೋರ್ಡುಗಳೂ ಇಳಿದುವು. ೨೦೧೭ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ೨೦೧೯ರಲ್ಲಿ ವಿಜಯಾ, ೨೦೨೦ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬೇರೆ ಬ್ಯಾಂಕುಗಳಲ್ಲಿ ಲೀನವಾದುವು. ಖಾತೆಗಳು ಒಂದು ಕೇಂದ್ರದಿಂದ ಇನ್ನೊಂದು ಕೇಂದ್ರಕ್ಕೆ ಹೋದುವು. ನಮ್ಮ ಅಜ್ಜಿಯಂದಿರು ಮಾತ್ರ ಹಳೆಯ ಪಾಸ್‌ಬುಕ್ಕನ್ನು ಎಸೆಯಲು ಒಪ್ಪಲಿಲ್ಲ.

ಶಾಖೆಯಲ್ಲಿ ಈಗ ಉಳಿದಿರುವುದು ಗೋಡೆಗೆ ಮೊಳೆ ಹೊಡೆದು ಕೂರಿಸಿದ ಒಂದು ಪುಟ್ಟ ಪೆಟ್ಟಿಗೆ. ಜಾಲದ ತಂತಿ ಅದರೊಳಗಿಂದ ಬರುತ್ತದೆ. ತಂತಿ ಸತ್ತಾಗ ದೂರದವರಿಗೆ ಏನೂ ಕಾಣುವುದಿಲ್ಲ. ಆಗ ಫೋನಿನಲ್ಲಿ, ಹಿಂದಿಯಲ್ಲೋ ಇಂಗ್ಲಿಷಿನಲ್ಲೋ, ಮೊದಲು ದೂರಿನ ಸಂಖ್ಯೆ ಕೇಳುತ್ತಾರೆ. ಆ ಮೇಲೆ, ದಯವಿಟ್ಟು ಪೆಟ್ಟಿಗೆಯ ಹತ್ತಿರ ಹೋಗಿ ಎಷ್ಟು ದೀಪ ಉರಿಯುತ್ತಿವೆ, ಯಾವ ಬಣ್ಣದವು ಎಂದು ನೋಡಿ ಹೇಳಿ ಎನ್ನುತ್ತಾರೆ. ಸರತಿಯಲ್ಲಿ ನಿಂತವರ ಎದುರಿಗೇ ನಾವು ಕುರ್ಚಿ ಹತ್ತಿ ನಿಂತು ಎಣಿಸುತ್ತೇವೆ: ಹಸಿರು ಎರಡು, ಕೆಂಪು ಒಂದು.